'ಸ್ಟಾರ್' ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರದ ತೋಟದ ಮನೆ. 1983ರಲ್ಲಿ ನಾನು ಏಳನೇ ಕ್ಲಾಸಿನಲ್ಲಿದ್ದೆ. ಸೈನ್ಯದಲ್ಲಿದ್ದ ಚಿಕ್ಕಪ್ಪ ರಜೆಗೆ ಬರುವಾಗ ರೇಡಿಯೊ, ಟೇಪ್ ರೆಕಾರ್ಡರ್ ಎರಡೂ ಇರುವ ಒಂದು ಟೂ-ಇನ್-ಒನ್ನೂ ಅದರ ಜೊತೆ ಒಂದೇ ಒಂದು ಕ್ಯಾಸೆಟ್ಟೂ ತಂದರು. ಪಾಕಿಸ್ತಾನದ ಅಕ್ಕ-ತಮ್ಮ ನಾಜಿಯಾ ಹಸನ್, ಜೊಹೇಬ್ ಹಸನ್ ಹಾಡಿದ 'ಸ್ಟಾರ್'. ಆ ಮಳೆಗಾಲವೆಲ್ಲ ಅದೇ ಹಾಡುಗಳು. ಅವರ 'ಡಿಸ್ಕೋ ದೀವಾನೆ' ಅಂದರೆ ಎಲ್ಲರಿಗೂ ಗೊತ್ತು, ಈ ಆಲ್ಬಮ್ ಕೇಳಿದವರು ಮಾತ್ರ ನನಗೆ ಇಂದಿನವರೆಗೆ ಸಿಕ್ಕಿಲ್ಲ. ನನಗೆ ಇದಕ್ಕಿಂತ ಹತ್ತಿರದ್ದು ಬೇರೆ ಇಲ್ಲ. "ಅದು ಬರೀ ಚಿಕ್ಕಂದಿನ ನೆನಪು ಅಮ್ಮ" ಅನ್ನುತ್ತಾಳೆ ಮಗಳು. ಇದು ನಿಜಕ್ಕೂ ಒಳ್ಳೆಯ ಆಲ್ಬಮ್ಮೋ, ನನ್ನ ಮೋಹವೋ? ಫೋನಿನಲ್ಲಿ ಕೇಳಿದರೆ ಹಾಡು ಅದೇ, ಆದರೂ ನಾನು ಕೇಳುತ್ತಿದ್ದದ್ದು ಇದಲ್ಲ ಅನ್ನಿಸುತ್ತದೆ. ಯಾಕೆ? ಚಿಕ್ಕಪ್ಪ ಈಗಿಲ್ಲ. ಕ್ಯಾಸೆಟ್ ಇದೆ. ಒಳಗೆ ಬಿಳಿ ಬೂಷ್ಟು. ಬೆನ್ನಿನ ಮೇಲಿನ ಎರಡು ತೂತುಗಳಲ್ಲಿ ಒಂದಕ್ಕೆ ಯಾರೋ ಪ್ಲಾಸ್ಟರ್ ಅಂಟಿಸಿದ್ದಾರೆ. ಮತ್ತೆ ಹಾಡಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಅವಸರದ್ದು. ಹಾಡಿಸಬಹುದು. ಆದರೆ ಇವತ್ತು ಬೇಡ. "ಒಂದು ಸಲ ಹಾಕಿ ನೋಡೋಣ" ಎಂದು ಯಾವ ಟೇಪ್ ರೆಕಾರ್ಡರಿಗೂ ಹಾಕಬೇಡಿ. ಬೂಷ್ಟು ಹಿಡಿದ ರೀಲು ಓಡಿದರೆ ಆ ಪುಡಿ ಯಂತ್ರದೊಳಗೆ ಹಾಡನ್ನು ಓದುವ ಹೆಡ್ಡಿಗೆ ಮೆತ್ತುತ್ತದೆ, ಆಮೇಲೆ ಅದೇ ಯಂತ್ರಕ್ಕೆ ಹಾಕಿದ ಇನ್ನೊಂದು ಕ್ಯಾಸೆಟ್ಟಿಗೂ ಹತ್ತುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಬೂಷ್ಟಿನಿಂದ ಒಂದಕ್ಕೊಂದು ಅಂಟಿಕೊಂಡ ಸುತ್ತುಗಳು ಎಳೆದ ರಭಸಕ್ಕೆ ಕಿತ್ತು ಬರುತ್ತವೆ. ಕ್ಯಾಸೆಟ್ಟನ್ನು ಒಂದು ಕಡೆ ಇಟ್ಟು ಇದನ್ನು ಓದಿ. ಮೂವತ್ತು ವರ್ಷದಿಂದ ಮಡಿಕೇರಿಯಲ್ಲಿ ಟೇಪ್ ರೆಕಾರ್ಡರ್ ರಿಪೇರಿ, ಹಳೆಯ ಧ್ವನಿಮುದ್ರಿಕೆಗಳನ್ನು ಹೊಸ ರೂಪಕ್ಕೆ ತರುವ ಕೆಲಸ ಮಾಡಿಕೊಂಡು ಬಂದಿದ್ದೇನೆ. ನಿಮ್ಮ ಪತ್ರದ ಒಂದೊಂದು ಸಾಲೂ ನನಗೆ ಗೊತ್ತಿರುವ ಮನೆಯಿಂದಲೇ ಬಂದ ಹಾಗಿದೆ.

ಇನ್ನು ಆಲ್ಬಮ್ಮಿನ ವಿಷಯ. ಅದು ಒಳ್ಳೆಯದೇ. ನೀವು ಚಿಕ್ಕವರಿದ್ದಾಗ ಕೇಳಿದಿರಿ ಎಂಬ ಕಾರಣಕ್ಕೆ ಒಳ್ಳೆಯದಾದದ್ದಲ್ಲ. ಅದು ಮರೆಗೆ ಸರಿದದ್ದಕ್ಕೆ ಹಾಡುಗಳ ಗುಣ ಕಾರಣವಲ್ಲ, ಹಾಡುಗಳಿಗೆ ಸಿಕ್ಕ ವಾಹನ ಕಾರಣ.

ಹಿಂದಿನದನ್ನು ಸ್ವಲ್ಪ ಹೇಳಬೇಕು. 1980ರಲ್ಲಿ ಫಿರೋಜ್ ಖಾನ್ ಅವರ 'ಕುರ್ಬಾನಿ' ಬಂತು. ಅದರ ಮಿಕ್ಕ ಹಾಡುಗಳೆಲ್ಲ ಕಲ್ಯಾಣ್‌ಜಿ-ಆನಂದ್‌ಜಿಯವರವು. 'ಆಪ್ ಜೈಸಾ ಕೋಯಿ' ಒಂದು ಮಾತ್ರ ಲಂಡನ್ನಿನಲ್ಲಿದ್ದ ಸಂಗೀತ ನಿರ್ದೇಶಕ ಬಿದ್ದು ಅಪ್ಪಯ್ಯ ಅವರದು. ಹಾಡಿದ ಹುಡುಗಿ ನಾಜಿಯಾಗೆ ಆಗ ಹದಿನೈದು ವರ್ಷ. ಆ ಹಾಡಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 1981ರಲ್ಲಿ ಅದೇ ಜೋಡಿ, ಜೊತೆಗೆ ನಾಜಿಯಾ ತಮ್ಮ ಜೊಹೇಬ್ ಸೇರಿ 'ಡಿಸ್ಕೋ ದೀವಾನೆ' ತಂದರು. ಸಿನಿಮಾದ ಹಂಗಿಲ್ಲದ ಪಾಪ್ ಆಲ್ಬಮ್ಮೊಂದು ನಮ್ಮ ದೇಶದಲ್ಲಿ ಅಷ್ಟು ದೊಡ್ಡದಾಗಿ ಓಡಬಹುದೆಂದು ಅದಕ್ಕೆ ಮೊದಲು ಯಾರೂ ನಂಬಿರಲಿಲ್ಲ.

ಬಿದ್ದು ಎಂಬ ಹೆಸರನ್ನು ಕೊಡಗಿನವರು ಕೇಳಿದ ತಕ್ಷಣ ಗುರುತು ಹಿಡಿಯುತ್ತಾರೆ. ಹುಟ್ಟಿ ಬೆಳೆದದ್ದು ಬೆಂಗಳೂರು, ಮನೆತನ ಕೊಡವರದು. ಬೆಂಗಳೂರಿನಲ್ಲಿ ಟ್ರೋಜನ್ಸ್ ಎಂಬ ಬ್ಯಾಂಡ್ ಕಟ್ಟಿ ಹಾಡುತ್ತಿದ್ದ ಹುಡುಗ ಅರವತ್ತರ ದಶಕದ ಕೊನೆಗೆ ಇಂಗ್ಲೆಂಡ್ ಸೇರಿದರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫೂ ಫೈಟಿಂಗ್' ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೆ ಹೋಯಿತಲ್ಲ, ಅದನ್ನು ಮಾಡಿದವರು ಇವರೇ. ಆ ಹಾಡಿನ ಒಂದು ಸಂಗತಿ ನಿಮಗೆ ಹಿಡಿಸಬಹುದು. ಅದು ಡಿಸ್ಕಿನ ಬಿ ಸೈಡಿಗೆಂದು, ಅಂದರೆ ಹಿಂಬದಿಗೆಂದು, ಸ್ಟುಡಿಯೋ ಸಮಯ ಮುಗಿಯುವ ಕೊನೆಯ ಹತ್ತು ನಿಮಿಷದಲ್ಲಿ ಮಾಡಿ ಮುಗಿಸಿದ ಹಾಡು. ಯಾರಿಗೂ ಬೇಡವಾಗಿದ್ದ ಬದಿಯಿಂದ ಅದು ಎದ್ದು ಬಂತು. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ 'ಐ ಲವ್ ಟು ಲವ್' ಮತ್ತೆ ಇಂಗ್ಲೆಂಡಿನಲ್ಲಿ ಮೊದಲ ಸ್ಥಾನಕ್ಕೇರಿತು. ಕಾಫಿ, ಕಿತ್ತಳೆ, ಸೈನ್ಯ, ಹಾಕಿ ಎಂದು ನಮ್ಮವರ ಹೆಮ್ಮೆಯ ಪಟ್ಟಿ ಮಾಡುವಾಗ ಇವರ ಹೆಸರನ್ನು ನಾವು ಇನ್ನೂ ಗಟ್ಟಿಯಾಗಿ ಹೇಳಬೇಕು.

ಇಂಥವರ ಕೈಯಿಂದ ಬಂದ ಎರಡನೆಯ ಆಲ್ಬಮ್ ನಿಮ್ಮದು. 1982ರದು. 'ಸ್ಟಾರ್' ಎಂದೂ 'ಬೂಮ್ ಬೂಮ್' ಎಂದೂ ಎರಡು ಹೆಸರಿನಲ್ಲಿ ಅದು ಓಡಾಡಿತು. ಮೊದಲ ಪೆಟ್ಟು ಬಿದ್ದದ್ದು ಇಲ್ಲೇ. 'ಡಿಸ್ಕೋ ದೀವಾನೆ' ತನ್ನ ಕಾಲ ಮೇಲೆ ನಿಂತಿತ್ತು. 'ಸ್ಟಾರ್' ಒಂದು ಸಿನಿಮಾದ ಬೆನ್ನೇರಿ ಬಂತು. ವಿನೋದ್ ಪಾಂಡೆ ನಿರ್ದೇಶನ, ಕುಮಾರ್ ಗೌರವ್ ನಾಯಕ. ಹಿಂದಿನ ವರ್ಷವಷ್ಟೇ 'ಲವ್ ಸ್ಟೋರಿ'ಯಿಂದ ಮನೆಮಾತಾಗಿದ್ದ ಹುಡುಗ. ಆದರೆ ಆ ಚಿತ್ರದಲ್ಲಿ ಅವನ ಬಾಯಿಗೆ ಹೊಂದಿದ್ದು ಅಮಿತ್ ಕುಮಾರ್ ಗಂಟಲು, ಆರ್. ಡಿ. ಬರ್ಮನ್ ರಾಗ. ಇಲ್ಲಿ ಅದೇ ಮುಖಕ್ಕೆ ಹದಿಹರೆಯದ ಜೊಹೇಬನ ತೆಳು ದನಿ ಬಂದಾಗ ಟಾಕೀಸಿನಲ್ಲಿ ಕೂತವರಿಗೆ ಒಗ್ಗಲಿಲ್ಲ ಎಂದು ನನ್ನ ಅನಿಸಿಕೆ. ಚಿತ್ರ ಸೋತಿತು. ಸಿನಿಮಾ ಸೋತರೆ ಅದರ ಹಾಡೂ ರೇಡಿಯೊದಿಂದ ಬೇಗ ಇಳಿಯುತ್ತಿದ್ದ ಕಾಲ ಅದು. ಅದೇ ವರ್ಷದ ಡಿಸೆಂಬರಿನಲ್ಲಿ 'ಡಿಸ್ಕೋ ಡ್ಯಾನ್ಸರ್' ಬಂದ ಮೇಲೆ ಡಿಸ್ಕೋ ಎಂದರೆ ಬಪ್ಪಿ ಲಾಹಿರಿ, ಮಿಥುನ್ ಎಂದಾಗಿಬಿಟ್ಟಿತು. ಇಷ್ಟಾದರೂ 'ಬೂಮ್ ಬೂಮ್' ಹಾಡಿಗೆ ನಾಜಿಯಾ ಫಿಲ್ಮ್‌ಫೇರ್ ನಾಮನಿರ್ದೇಶನ ಪಡೆದರು. ಆ ವರ್ಷದ ಪ್ರಶಸ್ತಿ 'ನಿಕಾಹ್' ಚಿತ್ರದ ಹಾಡಿಗಾಗಿ ಸಲ್ಮಾ ಆಗಾ ಅವರಿಗೆ ಹೋಯಿತು. ಮುಂದೆ 1984ರಲ್ಲಿ 'ಯಂಗ್ ತರಂಗ್' ವಿಡಿಯೊ ಸಮೇತ ಬಂತು, 1987ರಲ್ಲಿ 'ಹಾಟ್‌ಲೈನ್', 1992ರಲ್ಲಿ 'ಕ್ಯಾಮೆರಾ ಕ್ಯಾಮೆರಾ'. ಮೊದಲನೆಯದಕ್ಕೆ ಹೊಸತೆಂಬ ಹೆಸರು, ಮೂರನೆಯದಕ್ಕೆ ವಿಡಿಯೊದ ಬೆಂಬಲ. ನಡುವಿನ ಮಗುವಿನ ಹಾಗೆ ಇದು ಉಳಿದುಕೊಂಡಿತು.

ಇಷ್ಟು ಹಣೆಬರಹದ ಮಾತಾಯಿತು, ಈಗ ಕಿವಿಯ ಮಾತು. ನಿಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಳ್ಳೆಯ ಹೆಡ್‌ಫೋನ್ ಹಾಕಿ 'ಬೂಮ್ ಬೂಮ್' ಕೇಳಿಸಿ. ಆ ದನಿಯನ್ನು ಗಮನಿಸಲು ಹೇಳಿ. ಆ ಕಾಲದ ಹಿಂದಿ ಹಾಡಿನಲ್ಲಿ ಹೆಣ್ಣು ದನಿ ಎಂದರೆ ಎತ್ತರದ ಶ್ರುತಿ, ಪ್ರತಿ ಸ್ವರಕ್ಕೂ ಒಂದು ಸಣ್ಣ ಬಳುಕು. ನಮ್ಮ ಜಾನಕಿ, ವಾಣಿ ಜಯರಾಂ ಅವರಲ್ಲೂ ಆ ಬಳುಕಿನ ಸೊಬಗಿದೆ. ನಾಜಿಯಾ ಅದ್ಯಾವುದನ್ನೂ ಮಾಡುವುದಿಲ್ಲ. ಕೆಳಗಿನ ಶ್ರುತಿಯಲ್ಲಿ, ಸ್ವಲ್ಪ ಮೂಗಿನಿಂದ, ಅಲುಗದ ಹಾಗೆ ಸ್ವರ ಇಟ್ಟು ಮುಂದೆ ಹೋಗುತ್ತಾರೆ. ಪಕ್ಕದ ಮನೆಯ ಹುಡುಗಿ ಜಗಲಿಯಲ್ಲಿ ಕೂತು ತನ್ನಷ್ಟಕ್ಕೆ ಹಾಡಿಕೊಂಡ ಹಾಗೆ. ಇನ್ನೂ ಹತ್ತಿರ ಹೋಗಿ ಕೇಳಿದರೆ ಆ ದನಿ ಒಂದಲ್ಲ, ಎರಡು ಎಂದು ತಿಳಿಯುತ್ತದೆ. ಅದೇ ಸಾಲನ್ನು ಅವರೇ ಮತ್ತೊಮ್ಮೆ ಹಾಡಿ, ಒಂದರ ಮೇಲೊಂದು ಕೂರಿಸಿದಾಗ ಹೀಗೆ ಕೇಳುತ್ತದೆ. ಯಾರೂ ಒಂದೇ ಸಾಲನ್ನು ಎರಡು ಸಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಾಡಲಾರರು. ಆ ಕೂದಲೆಳೆಯ ಅಂತರವೇ ದನಿಯನ್ನು ಅಗಲ ಮಾಡುತ್ತದೆ, ಅಂಚಿಗೊಂದು ಮಂಜು ಹಬ್ಬಿಸುತ್ತದೆ. ಪಾಶ್ಚಾತ್ಯ ಪಾಪ್ ಸಂಗೀತದಲ್ಲಿ ಮಾಮೂಲಾಗಿದ್ದ ಈ ವಿದ್ಯೆ ನಮ್ಮ ಕಿವಿಗಳಿಗೆ ಹೊಸದು. ಏಳನೇ ಕ್ಲಾಸಿನ ಹುಡುಗಿಯಾಗಿದ್ದ ನಿಮಗೆ ಅದರ ಹೆಸರು ಗೊತ್ತಿರಲಿಲ್ಲ, ಆದರೆ ಕೇಳಿದ್ದು ಅದನ್ನೇ.

ಕೆಳಗಡೆ ಬೇಸ್ ಬಿಡದೆ ಓಡುತ್ತಿರುತ್ತದೆ. ಪ್ರತಿ ಎಣಿಕೆಗೂ ಡ್ರಮ್ಮಿನ ಪೆಟ್ಟು. ಇದರ ಬಗ್ಗೆ ನನಗೆ ಬಹಳ ವರ್ಷದಿಂದ ಒಂದು ಯೋಚನೆ ಇದೆ. ಮದುವೆ ಮನೆಗಳಲ್ಲಿ ವಾಲಗ ಶುರುವಾದರೆ ನಮ್ಮಲ್ಲಿ ಅಜ್ಜಿಯರೂ ಎದ್ದು ಬರುತ್ತಾರೆ. ಆ ತಾಳ ಗಂಟೆಗಟ್ಟಲೆ ಒಂದೇ ಸಮ ಹೋಗುತ್ತದೆ, ಅದರ ಮೇಲೆ ಊದುವವನು ಸಣ್ಣ ಸಣ್ಣ ಬದಲಾವಣೆ ಮಾಡುತ್ತಾ ಕುಣಿಯುವವರನ್ನು ಹಿಡಿದಿಡುತ್ತಾನೆ. ಬದಲಾಗದ ತಾಳ, ಅದರ ಮೇಲೆ ಬದಲಾಗುವ ಎಳೆ. ಡಿಸ್ಕೋ ನಡೆಯುವ ಕ್ರಮವೂ ಇದೇ. ಬಿದ್ದು ಇದನ್ನು ವಾಲಗದಿಂದ ಕಲಿತರೆಂದು ನಾನು ಹೇಳುವುದಿಲ್ಲ. ಆದರೆ ಕೊಡಗಿನ ಕಿವಿಗೆ ಈ ಸಂಗೀತ ಅಷ್ಟು ಬೇಗ ಹಿಡಿಸಿದ್ದಕ್ಕೆ ಇದೊಂದು ಕಾರಣ ಎಂದು ಗಟ್ಟಿಯಾಗಿ ನಂಬಿದ್ದೇನೆ.

ಕುಂದಿಲ್ಲವೇ? ಇದೆ. ಸಾಹಿತ್ಯ ಹಗುರ, ಒಂದು ಹಾಡಿನ ಮಾತನ್ನು ಇನ್ನೊಂದಕ್ಕೆ ಹಾಕಿದರೂ ನಡೆಯುತ್ತದೆ. ಜೊಹೇಬ್ ಒಬ್ಬನೇ ಹಾಡಿದ ಕಡೆ ಭಾರ ಸಾಲದು. ಆದರೆ ಅಕ್ಕ-ತಮ್ಮ ಜೊತೆಯಾಗಿ ಹಾಡಿದ 'ಊಯೀ ಊಯೀ' ಕೇಳಿ. ಒಂದೇ ಮನೆಯಲ್ಲಿ ಬೆಳೆದ ಎರಡು ಗಂಟಲು ಒಂದೇ ಜಾಗದಲ್ಲಿ ಉಸಿರು ತೆಗೆದುಕೊಳ್ಳುತ್ತವೆ. ಇನ್ನು 'ಜಾನಾ'. ನನಗೆ ಈ ಆಲ್ಬಮ್ಮಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದು. ನಾಜಿಯಾ 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ ಬರೀ 35 ವರ್ಷ. ಆ ಸುದ್ದಿ ತಿಳಿದ ದಿನ ಅಂಗಡಿಯಲ್ಲಿ ಬೇರೆ ಕೆಲಸ ಮಾಡಲಾಗದೆ 'ಜಾನಾ' ಒಂದನ್ನೇ ಹಾಕಿಕೊಂಡು ಕೂತಿದ್ದೆ.

ಮಗಳ ಮಾತಿನಲ್ಲೂ ಸತ್ಯವಿದೆ, ತಳ್ಳಿಹಾಕಬೇಡಿ. ಹತ್ತರಿಂದ ಮೂವತ್ತರ ಒಳಗಿನ ವಯಸ್ಸಿನ ನೆನಪುಗಳು ಮನುಷ್ಯನಲ್ಲಿ ಬೇರೆಲ್ಲಕ್ಕಿಂತ ದಟ್ಟವಾಗಿ ಉಳಿಯುತ್ತವೆ ಎಂದು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡುಕೊಂಡಿದ್ದಾರೆ. ಮನೆಯಲ್ಲಿ ಒಂದೇ ಕ್ಯಾಸೆಟ್, ಹೊರಗೆ ಕಕ್ಕಡ ತಿಂಗಳ ಮಳೆ, ತೋಟಕ್ಕೂ ಹೋಗುವಂತಿಲ್ಲ, ಶಾಲೆಗೂ ಹೋಗುವಂತಿಲ್ಲ. ಹಾಗಿರುವಾಗ ಯಾವ ಹಾಡು ಹಾಕಿದ್ದರೂ ಮನಸ್ಸಿಗೆ ಇಳಿಯುತ್ತಿತ್ತು, ಒಪ್ಪುತ್ತೇನೆ. ಆದರೆ ಅದೇ ಕಾಲದಲ್ಲಿ ಕೇಳಿದ ಎಷ್ಟೋ ಹಾಡುಗಳು ನಿಮಗೆ ನೆನಪಿವೆ. ನೆನಪಿರುವ ಎಲ್ಲವನ್ನೂ ನೀವು ನಲವತ್ತು ವರ್ಷ ಪ್ರೀತಿಸಲಿಲ್ಲವಲ್ಲ.

ಫೋನಿನಲ್ಲಿ ಕೇಳಿದ್ದು ಬೇರೆ ಅನ್ನಿಸುವುದಕ್ಕೆ ಕಾರಣ ನಿಮ್ಮ ಮನಸ್ಸಲ್ಲ, ಟೂ-ಇನ್-ಒನ್. ಕ್ಯಾಸೆಟ್ಟಿನ ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕೆಂದು ಲೆಕ್ಕ. ಮನೆಬಳಕೆಯ ಯಂತ್ರಗಳು ಸ್ವಲ್ಪ ಹಿಂದೆ ಮುಂದೆ ಓಡುತ್ತಿದ್ದವು. ಶೇ 3ರಷ್ಟು ಜೋರಾಗಿ ಓಡಿದರೆ ನಾಲ್ಕು ನಿಮಿಷದ ಹಾಡು ಏಳು ಸೆಕೆಂಡ್ ಮೊದಲೇ ಮುಗಿಯುತ್ತದೆ, ಶ್ರುತಿ ಹಾರ್ಮೋನಿಯಂನ ಅರ್ಧ ಮನೆಯಷ್ಟು ಮೇಲೇರುತ್ತದೆ. ನಾಜಿಯಾ ಇನ್ನೂ ಚಿಕ್ಕ ಹುಡುಗಿಯ ಹಾಗೆ ಕೇಳುತ್ತಾರೆ. ನೀವು ಬಲ್ಲ ನಾಜಿಯಾ ಅವರೇ. ಅದಿರಲಿ, ಮಳೆಗಾಲದಲ್ಲಿ ಕರೆಂಟು ಎಷ್ಟು ದಿನ ಇರುತ್ತಿತ್ತು? ಮರ ಬಿದ್ದು ಲೈನು ಹೋದರೆ ವಾರಗಟ್ಟಲೆ ದೊಡ್ಡ ಸೆಲ್ ಹಾಕಿಯೇ ಕೇಳುತ್ತಿದ್ದೆವು. ಸೆಲ್ ಹೊಸದಿರುವವರೆಗೆ ಮೋಟಾರು ಒಂದೇ ಸಮ ತಿರುಗುತ್ತದೆ. ಅದು ಕೊನೆಗೆ ಬಂದಾಗ ಹಾಡು ಜಗ್ಗತೊಡಗುತ್ತದೆ, ದನಿ ಗಂಡಾಗುತ್ತದೆ. ಆಗ ಸೆಲ್ ತೆಗೆದು ಒಲೆಯ ದಂಡೆಯ ಮೇಲಿಟ್ಟು ಬೆಚ್ಚಗೆ ಮಾಡಿ ಮತ್ತೆ ಹಾಕಿ ಇನ್ನೆರಡು ಹಾಡು ಕೇಳುವುದು ನಮ್ಮ ಮನೆಯಲ್ಲೂ ನಡೆಯುತ್ತಿತ್ತು. (ಈಗ ಅದನ್ನು ಮಾಡಬೇಡಿ, ಸೆಲ್ ಒಡೆಯುತ್ತದೆ.) ಇದರ ಮೇಲೆ ಒಂದೇ ಸ್ಪೀಕರು, ಓಡಿ ಓಡಿ ಮೇಲ್‌ಸ್ವರ ಸವೆದ ರೀಲು. ಫೋನಿನಲ್ಲಿರುವುದು ಲಂಡನ್ನಿನ ಸ್ಟುಡಿಯೋದ ಹಾಡು. ನೀವು ಹುಡುಕುತ್ತಿರುವುದು ವಿರಾಜಪೇಟೆಯ ಮನೆಯ ಹಾಡು. ಅದು ಬೇರೆಲ್ಲೂ ಸಿಗದು, ಬೂಷ್ಟು ಹಿಡಿದ ಆ ಕ್ಯಾಸೆಟ್ಟಿನೊಳಗೇ ಇದೆ. ಅದಕ್ಕೇ ಅದನ್ನು ಎಸೆಯಬೇಡಿ ಎನ್ನುವುದು.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ನಿಮ್ಮ ಕಡೆ ಸ್ವಲ್ಪ ಕಡಿಮೆ ಇದ್ದರೂ ತಂಡಿಗೆ ಕಡಿಮೆಯಿಲ್ಲ. ಬೀರುವಿನೊಳಗೆ ಬಟ್ಟೆ, ಚಪ್ಪಲಿ, ಫೋಟೊಗಳಿಗೆ ಬರುವ ಬೂಷ್ಟೇ ಕ್ಯಾಸೆಟ್ಟಿಗೂ ಬರುತ್ತದೆ. ಮೊದಲ ಕೆಲಸ ಒಣಗಿಸುವುದು. ಮುಚ್ಚಳ ಬಿಗಿಯಾಗಿ ಕೂರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕ್ಯಾಸೆಟ್ ಇಟ್ಟು ಎರಡು ವಾರ ಬಿಡಿ. ಬಿಸಿಲಿಗೆ, ಕಾಫಿ ಒಣಗಿಸುವ ಕಣಕ್ಕೆ, ಒಲೆಯ ಮೇಲಿನ ಅಟ್ಟಕ್ಕೆ ಇಡಬೇಡಿ. ನನ್ನ ತಾಯಿ ಹಾಡಿದ್ದ ಒಂದು ಕ್ಯಾಸೆಟ್ಟನ್ನು ನಾನು ಹಾಗೆ ಅಟ್ಟದ ಮೇಲಿಟ್ಟು ಕಳೆದುಕೊಂಡೆ. ಶಾಖಕ್ಕೆ ಪೆಟ್ಟಿಗೆ ಸೊಟ್ಟಗಾಯಿತು, ರೀಲಿನ ಅಂಚು ಅಲೆ ಅಲೆಯಾಯಿತು, ಸ್ವರ ಮತ್ತೆ ನೇರ ನಿಲ್ಲಲಿಲ್ಲ. ಈ ಕೆಲಸಕ್ಕೆ ನಾನು ಬಂದದ್ದೇ ಅದರ ನಂತರ.

ಒಣಗಿದ ಬೂಷ್ಟು ಪುಡಿಯಾಗುತ್ತದೆ, ಹಬ್ಬುವುದು ನಿಲ್ಲುತ್ತದೆ. ಆಗ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಬಿಚ್ಚಬೇಕು. ಮೂಲೆಗಳಲ್ಲಿ ನಾಲ್ಕು, ನಡುವೆ ಒಂದು, ಹೀಗೆ ಐದು ಸ್ಕ್ರೂ ಇದ್ದರೆ ಸುಲಭ. ಸ್ಕ್ರೂ ಇಲ್ಲದೆ ಅಂಟಿಸಿದ ಪೆಟ್ಟಿಗೆಯಾದರೆ ಅಂಚನ್ನು ಸೀಳಿ ತೆಗೆದು, ರೀಲನ್ನು ಸ್ಕ್ರೂ ಇರುವ ಬೇರೆ ಖಾಲಿ ಪೆಟ್ಟಿಗೆಗೆ ಸೇರಿಸಬೇಕಾಗುತ್ತದೆ. ಕೈ ಪಳಗಿಲ್ಲದಿದ್ದರೆ ಆ ಕೆಲಸ ಬಲ್ಲವರಿಗೆ ಬಿಡಿ. ಮೆತ್ತನೆಯ ಒಣ ಬ್ರಶ್ಶಿನಿಂದ ಸುರುಳಿಯ ಎರಡೂ ಮುಖ ಒರೆಸಿ, ಹಾಡು ಅಚ್ಚಾಗಿರುವ ಕಾಂತೀಯ ಬದಿಯನ್ನು ಬೆರಳಿನಿಂದ ಮುಟ್ಟಬೇಡಿ. ರೀಲು ಹೆಡ್ಡಿಗೆ ತಾಗುವ ಜಾಗದಲ್ಲಿ ಒಂದು ಸಣ್ಣ ಲೋಹದ ಪಟ್ಟಿ, ಅದರ ಮೇಲೆ ಬಟಾಣಿಗಿಂತ ಚಿಕ್ಕ ಉಣ್ಣೆಯ ಚೂರು ಇರುತ್ತದೆ. ಹಳೆಯ ಕ್ಯಾಸೆಟ್ಟುಗಳಲ್ಲಿ ಅಂಟು ಒಣಗಿ ಅದು ಉದುರಿಹೋಗಿರುತ್ತದೆ. ಅದಿಲ್ಲದೆ ರೀಲು ಹೆಡ್ಡಿಗೆ ಸರಿಯಾಗಿ ಒತ್ತುವುದಿಲ್ಲ, ಹಾಡು ಕಂಬಳಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ರೀಲು ಹಾಳಾಯಿತೆಂದು ಜನ ಬಿಸಾಡಿದ ಎಷ್ಟೋ ಕ್ಯಾಸೆಟ್ಟುಗಳಲ್ಲಿ ಹೋಗಿದ್ದದ್ದು ಆ ಚೂರು ಮಾತ್ರ. ರೀಲು ತುಂಡಾಗಿದ್ದರೆ ಸೆಲೋಟೇಪ್ ಹಚ್ಚಬೇಡಿ, ಅದರ ಗೋಂದು ಹರಿದು ಪಕ್ಕದ ಸುತ್ತುಗಳನ್ನೆಲ್ಲ ಅಂಟಿಸುತ್ತದೆ. ಇದಕ್ಕೆಂದೇ ಬೇರೆ ಪಟ್ಟಿ ಸಿಗುತ್ತದೆ.

ಹಾಡಿಸುವ ಯಂತ್ರವೂ ಸರಿಯಿರಬೇಕು. ಚಿಕ್ಕಪ್ಪನ ಟೂ-ಇನ್-ಒನ್ ಇನ್ನೂ ಇದ್ದರೆ ಇಟ್ಟುಕೊಳ್ಳಿ, ಆದರೆ ಮೊದಲ ಸಲ ಅದರಲ್ಲಿ ಬೇಡ. ಒಳಗಿನ ರಬ್ಬರ್ ಬೆಲ್ಟು ಇಷ್ಟು ಹೊತ್ತಿಗೆ ಕರಗಿ ಡಾಂಬರಿನಂತಾಗಿರುತ್ತದೆ. ಒಳ್ಳೆಯ ಕ್ಯಾಸೆಟ್ ಡೆಕ್ಕಿನಲ್ಲಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಹೆಡ್ ಒರೆಸಿ, ಮೊದಲು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲಷ್ಟು ತಿರುಗಿಸುತ್ತಾ ತಾಳದ ತಟ್ಟೆಯ 'ಚಿಸ್ ಚಿಸ್' ಶಬ್ದ ಎಲ್ಲಿ ಹೆಚ್ಚು ಹರಿತವಾಗುತ್ತದೋ ಅಲ್ಲಿ ನಿಲ್ಲಿಸಬೇಕು. ಪ್ರತಿ ಕ್ಯಾಸೆಟ್ಟಿಗೂ ಆ ಜಾಗ ಬೇರೆ. ಕಂಪ್ಯೂಟರಿಗೆ ಇಳಿಸುವಾಗ 24 ಬಿಟ್, 48 ಕಿಲೊಹರ್ಟ್ಸ್ ಇಟ್ಟು ವೇವ್ (WAV) ಫೈಲ್ ಮಾಡಿ. ಹಿನ್ನೆಲೆಯ 'ಸುಯ್' ಸದ್ದು ತೆಗೆಯುವ ಸಾಫ್ಟ್‌ವೇರ್ ಮೂಲ ಪ್ರತಿಗೆ ಹಾಕಬೇಡಿ, ಬೇಕಾದರೆ ನಕಲಿಗೆ ಹಾಕಿ. ಆಮೇಲೆ ಅದೇ ನಕಲನ್ನು ಶೇ 2, ಶೇ 3 ಎಂದು ಸ್ವಲ್ಪ ಸ್ವಲ್ಪವೇ ಜೋರು ಮಾಡುತ್ತಾ ಹೋಗಿ. ಒಂದು ಹಂತದಲ್ಲಿ ನಿಮಗೇ ಗೊತ್ತಾಗುತ್ತದೆ, ಇದೇ ಎಂದು.

ಇನ್ನು ಆ ಪ್ಲಾಸ್ಟರ್. ಪತ್ರ ಓದುವಾಗ ನಾನು ನಿಂತದ್ದು ಅಲ್ಲಿ. ಅಂಗಡಿಯಲ್ಲಿ ಕೊಂಡ ಹಾಡಿನ ಕ್ಯಾಸೆಟ್ಟಿಗೆ ಬೆನ್ನಿನ ಮೇಲೆ ಎರಡು ತೂತು ಇರುವುದು ಅದರ ಮೇಲೆ ಯಾರೂ ರೆಕಾರ್ಡ್ ಮಾಡಬಾರದೆಂದು. ಆ ತೂತನ್ನು ಮುಚ್ಚಿದರೆ ರೆಕಾರ್ಡ್ ಗುಂಡಿ ಒತ್ತಲು ಬರುತ್ತದೆ. ತಿಳಿದವರು ಬೇಕೆಂದೇ ಮುಚ್ಚುತ್ತಿದ್ದರು. ಒಂದೊಂದು ತೂತು ಒಂದೊಂದು ಬದಿಗೆ ಸೇರಿದ್ದು. ತೂತುಗಳು ಮೇಲೆ ಇರುವಂತೆ ಒಂದು ಬದಿಯನ್ನು ನಿಮ್ಮ ಮುಖಕ್ಕೆ ಹಿಡಿದಾಗ ಎಡಗಡೆ ಬರುವ ತೂತು ಆ ಬದಿಯದು. ಅಂದರೆ ನಿಮ್ಮ ಮನೆಯಲ್ಲಿ ಯಾರೋ ಒಂದು ಬದಿಯ ಮೇಲೆ ಏನನ್ನೋ ರೆಕಾರ್ಡ್ ಮಾಡಿದ್ದಾರೆ, ಅಥವಾ ಮಾಡಲು ಹೊರಟಿದ್ದಾರೆ. ಆಲ್ಬಮ್ಮಿನ ಹಾಡುಗಳು ಮುಗಿದ ಮೇಲೆ ಪ್ರತಿ ಬದಿಯಲ್ಲೂ ಒಂದಷ್ಟು ಖಾಲಿ ರೀಲು ಉಳಿದಿರುತ್ತದೆ. ಹಾಡು ಹಾಳಾಗದಂತೆ ಆ ಖಾಲಿ ಜಾಗದಲ್ಲೇ ಮನೆಯವರ ಮಾತು, ಮಕ್ಕಳ ಪದ್ಯ ತುಂಬಿಟ್ಟದ್ದನ್ನು ನಾನು ಎಷ್ಟೋ ಕ್ಯಾಸೆಟ್ಟುಗಳಲ್ಲಿ ಕೇಳಿದ್ದೇನೆ. ರಜೆ ಮುಗಿಸಿ ಹೊರಡುವ ಹಿಂದಿನ ರಾತ್ರಿ ರೆಕಾರ್ಡ್ ಮಾಡಿದ್ದೂ ಇತ್ತು.

ಆದ್ದರಿಂದ ಮೊದಲು ಆ ಪ್ಲಾಸ್ಟರನ್ನು ನಿಧಾನವಾಗಿ ಕಿತ್ತು ತೆಗೆಯಿರಿ. ಕೈತಪ್ಪಿ ಯಾರಾದರೂ ಕೆಂಪು ಗುಂಡಿ ಒತ್ತಿದರೆ ಅಲ್ಲಿರುವುದು ಅಳಿದುಹೋಗುತ್ತದೆ. ಆಮೇಲೆ ಕೊನೆಯ ಹಾಡು ಮುಗಿದ ಕೂಡಲೇ ಡೆಕ್ ನಿಲ್ಲಿಸಬೇಡಿ. ಎರಡೂ ಬದಿ ತಾನಾಗಿ 'ಟಕ್' ಎಂದು ನಿಲ್ಲುವವರೆಗೆ ಓಡಲಿ. ನಡುವೆ ಎರಡು ಮೂರು ನಿಮಿಷ ಬರೀ 'ಸುಯ್' ಎಂದು ಕೇಳಬಹುದು. ಎದ್ದು ಹೋಗಬೇಡಿ, ಮಗಳನ್ನೂ ಜೊತೆಯಲ್ಲಿ ಕೂರಿಸಿಕೊಳ್ಳಿ.